ಕವಲಿನ ಬಾಣ

ಬಿಬವೇವಾಡಿ, ಪುಣೆ
ಗುರುವಾರ, ೨೨ ಆಗಸ್ಟ್ ೨೦೨೪

ಸಿದ್ದಾರೂಢ ಅವರಿಗೆ, ಮಾಧುರಿಯ ನಮಸ್ಕಾರ.

ಇಪ್ಪತ್ತೆರಡು ವರ್ಷ ‘ರೀ’ ಎಂದೇ ಕರೆದು ಈಗ ಹೆಸರು ಹಿಡಿದು ಬರೆಯುತ್ತಿದ್ದೇನೆ. ಕೈಗೆ ಏನೂ ಆಗಲಿಲ್ಲ. ಫೋನ್ ನೀವು ಎತ್ತುವುದಿಲ್ಲ. ನಮ್ಮ ಚಾರಣ ಬಳಗದ ವಾಟ್ಸಾಪಿನಲ್ಲಿ ಬರೆದರೆ ಮೂವತ್ತು ಜನ ಕೈಮುಗಿದ ಚಿತ್ರ ಕಳಿಸಿ ಮುಗಿಸುತ್ತಾರೆ. ಕಾಗದವಾದರೆ ಲೋಣಾವಳಾದ ನಿಮ್ಮ ಆ ಎರಡು ಕೋಣೆಯಲ್ಲಿ ಒಬ್ಬರೇ ಕೂತು ಓದಬೇಕಾಗುತ್ತದೆ.

ರೇಣು ನಿನ್ನೆ ನಡೆದಳು. ವಾಕರ್ ಹಿಡಿದು ಬಾಗಿಲಿನವರೆಗೆ, ಒಂಬತ್ತು ಹೆಜ್ಜೆ. ಅವಳ ತಾಯಿ ಭೀಮವ್ವ ಹಿಂದಿನಿಂದ ಅಂಗಿ ಹಿಡಿದುಕೊಂಡು ಬಂದಳು. ಸೊಂಟದ ಎಲುಬು ಕೂಡುತ್ತಿದೆಯಂತೆ. ನಾನು ಬರೆಯಬೇಕೆಂದುಕೊಂಡದ್ದು ಎಲುಬಿನ ಬಗ್ಗೆ ಅಲ್ಲ.

ನಾವು ಬೇರೆಯಾಗಿ ಎರಡು ವರ್ಷ. ಮನೆ, ಹಬ್ಬ, ನೆಂಟರು ಎಲ್ಲವೂ ಪಾಲಾದವು, ರವಿವಾರ ಮಾತ್ರ ಪಾಲಾಗಲಿಲ್ಲ. ನೀವು ಲೋಣಾವಳಾದಿಂದ ಮೊದಲ ಲೋಕಲ್ ಹಿಡಿದು ಬರುತ್ತಿದ್ದಿರಿ. ಬಳಗದ ಜೊತೆಗೋ, ಯಾರೂ ಬರದಿದ್ದರೆ ನಾವಿಬ್ಬರೇ ಆಗಿಯೋ ಭೋರ್ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ಇದಕ್ಕೆ ಏನೆನ್ನಬೇಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಗುಡ್ಡದ ಮೇಲೆ ಕೇಳುವ ಅಗತ್ಯ ಬೀಳುವುದಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಖ ನೋಡುವ ಪ್ರಸಂಗವೇ ಇಲ್ಲ.

ಜೂನ್ ಮೊದಲ ರವಿವಾರ ರೇಣುವನ್ನು ಕರೆತಂದವಳು ನಾನು. ನಮ್ಮ ಮೂಲೆಯ ಮೆಡಿಕಲ್ ಅಂಗಡಿಯ ಹುಡುಗಿ, ಇಪ್ಪತ್ತು ವರ್ಷ, ಈ ಊರಲ್ಲೇ ಹುಟ್ಟಿಯೂ ಒಂದು ಗುಡ್ಡ ಹತ್ತಿರಲಿಲ್ಲ. ಅವಳ ತಾಯಿ ಯಾದಗಿರಿ ಕಡೆಯಿಂದ ಬಂದು ಈ ಊರಿನ ಎಷ್ಟೋ ಕಟ್ಟಡಗಳ ಹತ್ತನೇ ಮಹಡಿಗೆ ನೆಲಕ್ಕೆ ಹಾಸುವ ಫರಸಿಕಲ್ಲು ಹೊತ್ತವಳು. ಎತ್ತರ ಅವರ ಮನೆಯಲ್ಲಿ ಕೂಲಿಯ ಮಾತು. ಆ ದಿನ ಹನ್ನೊಂದು ಜನರಿದ್ದೆವು. ಕೆಳಹಳ್ಳಿಯಲ್ಲಿ ಮಜ್ಜಿಗೆ ಮಾರುವ ಧರ್ಮರಾಜ ಪ್ರತಿವರ್ಷ ಮಳೆಗೆ ಮುಂಚೆ ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ಬಾಣ ಬರೆಯುತ್ತಾನಲ್ಲ, ಅವು ಇನ್ನೂ ಹಸಿಹಸಿಯಾಗಿದ್ದವು. ನಿಮಗೆ ಅವು ಎಂದಿನಂತೆ ಮೈ ಉರಿಸಿದವು. ನೀರಿನ ಟಾಕಿಯ ಹತ್ತಿರ ಕೂತು, ಬಂಡೆಗೆ ಬಣ್ಣ ಬಳಿಯುವವರಿಗೆ ಗುಡ್ಡ ಗೋಡೆಯಂತೆ ಕಾಣುತ್ತದೆ, ದಾರಿ ಕಾಲಿಗೆ ಗೊತ್ತಿರಬೇಕು, ಕಣ್ಣಿಗಲ್ಲ ಎಂದು ಅರ್ಧ ತಾಸು ಹೇಳಿದಿರಿ. ಎಲ್ಲರೂ ತಲೆಯಾಡಿಸಿದರು. ರೇಣು ಮಾತ್ರ ಶೂ ಬಿಚ್ಚಿ ಕಲ್ಲು ಕೊಡವುತ್ತ ಅಂದಳು: “ಕಾಕಾ, ನಿಮ್ಮ ಕಾಲು ಸಾಲಿ ಕಲ್ತಾವ್ರಿ. ನಮ್ಮವು ಇನ್ನೂ ಕಲ್ತಿಲ್ಲ. ನಮಗ ಬಾಣ ಬೇಕ್ರಿ.”

ಎಲ್ಲರೂ ನಕ್ಕರು, ನೀವು ನಗಲಿಲ್ಲ. ಇಳಿಯುವಾಗ ಎಲ್ಲರೂ ಮುಂದೆ ಹೋದ ಮೇಲೆ ಅವಳು ಕವಲಿನ ಬಾಣದ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಬಾಣ ಬಲಕ್ಕೆ ತೋರಿಸುತ್ತಿದ್ದರೆ ಅವಳೂ ಬಲಕ್ಕೆ ಬೆರಳು ಚಾಚಿದ್ದಳು. ತೆಗೆದದ್ದು ನನ್ನ ಫೋನಿನಲ್ಲಿ. ಅದು ಈಗಲೂ ಅಲ್ಲೇ ಇದೆ.

ಆ ತಿಂಗಳ ಕೊನೆಯ ರವಿವಾರ ನಾವಿಬ್ಬರೇ ಹೋದದ್ದು ಬಳಗಕ್ಕೆ ಗೊತ್ತಿಲ್ಲ. ನಿಮ್ಮ ಚೀಲದಲ್ಲಿ ಎರಡು ತಂತಿ ಬ್ರಷ್, ಒಂದು ಬಾಟಲಿ ಥಿನ್ನರ್. ಹನ್ನೆರಡು ಬಾಣಗಳಿದ್ದವು. ಬೆಳಿಗ್ಗೆ ಒಂಬತ್ತೂವರೆಗೆ ಶುರುಮಾಡಿ ಮಧ್ಯಾಹ್ನ ಎರಡರೊಳಗೆ ಒಂದೂ ಉಳಿಯಲಿಲ್ಲ. ಆ ದಿನ ನಾವು ಚೆನ್ನಾಗಿದ್ದೆವು ಎಂಬುದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಒಂದೇ ಡಬ್ಬಿಯಿಂದ ತಿಂದೆವು. ನನ್ನ ಉಗುರಿನ ಸಂದಿಯ ಬಣ್ಣವನ್ನು ನೀವು ನಿಮ್ಮ ಕರ್ಚೀಫಿನಿಂದ ಒರೆಸಿದಿರಿ. ಎಷ್ಟೋ ವರ್ಷಗಳ ಮೇಲೆ ಒಂದು ಕೆಲಸ ಕೂಡಿ ಮಾಡಿದ್ದೆವು. ಅದು ಅಳಿಸುವ ಕೆಲಸ ಎಂಬುದು ಆಗ ಹೊಳೆಯಲಿಲ್ಲ.

ಹದಿನೈದನೇ ದಿನಕ್ಕೆ ರೇಣು ಗೆಳತಿಯರಿಬ್ಬರನ್ನು ಕಟ್ಟಿಕೊಂಡು ಅದೇ ಗುಡ್ಡಕ್ಕೆ ಹೋದಳು. ನಮಗೆ ಹೇಳಲಿಲ್ಲ, ಹೇಳಬೇಕೆಂದು ಏನಿತ್ತು? ಇಳಿಯುವಾಗ ಮಂಜು. ಕವಲಿನಲ್ಲಿ ಬಲದ ದಾರಿ ಹಳ್ಳಿಗೆ, ಎಡದ್ದು ದನ ಮೇಯುವ ಅಂಚಿಗೆ, ಅಂಚಿನಾಚೆ ಏನೂ ಇಲ್ಲ. ಹುಡುಗಿಯರು ಬಾಣ ಹುಡುಕಿದರು. ಈ ಕಲ್ಲಿನ ಮೇಲೇ ಇತ್ತು ಎಂದು ರೇಣು ಕೈಯಿಂದ ಸವರಿ ನೋಡಿದಳಂತೆ. ಇದು ಆ ಕಲ್ಲಲ್ಲ, ಆ ಕವಲು ಇನ್ನೂ ಮುಂದಿರಬೇಕು ಎಂದು ಅವರನ್ನು ನಿಲ್ಲಿಸಿ ತಾನೊಬ್ಬಳೇ ಎಡಕ್ಕೆ ಹೋದಳು. ಇಪ್ಪತ್ತು ಅಡಿ ಬಿದ್ದಳು. ಕೆಳಗೆ ಕಾರವಿಯ ಪೊದೆಗಳಿದ್ದದ್ದರಿಂದ ಬದುಕಿದಳು.

ಆಸ್ಪತ್ರೆಗೆ ನೀವು ಬಂದಿರಿ. ಅದು ನನಗೆ ಸಮಾಧಾನವನ್ನೇ ಕೊಟ್ಟಿತ್ತು. ಮಗಳು ಬಾಣ, ಬಾಣ ಎಂದು ಬಡಬಡಿಸುತ್ತಾಳೆ, ಜೊತೆಯ ಹುಡುಗಿಯರು ಕಂಡೇ ಇಲ್ಲ ಎನ್ನುತ್ತಾರೆ, ಧರ್ಮರಾಜನನ್ನು ಕೇಳಿದರೆ ತಾನು ಬರೆದೇ ಇಲ್ಲ ಎನ್ನುತ್ತಾನೆ ಎಂದು ಭೀಮವ್ವ ಹೇಳಿದಳು. ಕಾಡಿನ ಕಲ್ಲಿಗೆ ಬಣ್ಣ ಬಳಿದದ್ದಕ್ಕೆ ಯಾರಾದರೂ ಹಿಡಿದಾರು ಎಂದು ಅವನಿಗೆ ಹೆದರಿಕೆ. ಆಮೇಲೆ ಅವಳು ನಿಮ್ಮ ಕಡೆ ತಿರುಗಿ ಕೇಳಿದಳು: “ಸಾಹೇಬ್ರ, ನೀವು ಬಲ್ಲವ್ರು. ಅಲ್ಲಿ ಬಾಣ ಇತ್ತೇನ್ರಿ?”

“ಇಲ್ಲವ್ವಾ, ಅಲ್ಲಿ ಎಂದೂ ಇರಲಿಲ್ಲ.”

‘ಈಗಿಲ್ಲ’ ಎನ್ನಬಹುದಿತ್ತು, ‘ನಾ ನೋಡಿಲ್ಲ’ ಎನ್ನಬಹುದಿತ್ತು. ‘ಎಂದೂ’ ಎಂದಿರಿ, ದಾರಿ ಬಲ್ಲವನ ದನಿಯಲ್ಲಿ. ರೇಣು ಕಣ್ಣು ಬಿಟ್ಟುಕೊಂಡೇ ಇದ್ದಳು. ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಎಳನೀರಿಗೆ ಸ್ಟ್ರಾ ಹಾಕುತ್ತಿದ್ದೆ.

ನಿಮ್ಮ ಒಂದು ಮಾತು ಏನೇನು ಮಾಡಿದೆ, ಕೇಳಿ. ಇದು ಚಕವಾ, ದಾರಿ ತಪ್ಪಿಸುವ ಗಾಳಿ ಎಂದು ನೆರೆಯ ಮರಾಠಿ ಹೆಂಗಸರು ಹೇಳಿ, ಭೀಮವ್ವ ಮಂಗಳವಾರ ಮಂಗಳವಾರ ಮಗಳ ಮೇಲೆ ಉಪ್ಪು, ನಿಂಬೆಹಣ್ಣು ಇಳಿಸುತ್ತಾಳೆ. ಮೆಡಿಕಲ್ ಅಂಗಡಿಯ ಮಾಲೀಕ ಮಹೇಶಕುಮಾರ ಬಂದು ಸೇಬು ಕೊಟ್ಟು ಹೋದ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಇಲ್ಲದ್ದನ್ನು ಕಾಣುವ ಹುಡುಗಿ ನಾಳೆ ಒಂದು ಗುಳಿಗೆಯ ಬದಲು ಇನ್ನೊಂದು ಕೊಟ್ಟರೆ ಯಾರು ಹೊಣೆ, ತಿಂಗಳ ಕೊನೆಗೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದ. ಕೆಟ್ಟವನಲ್ಲ ಅವನು. ನಿಮ್ಮನ್ನು ನಂಬಿದ್ದಾನೆ, ಅಷ್ಟೇ. ಬಳಗದಲ್ಲಿ ನೀವು ಬರೆದದ್ದನ್ನೂ ಓದಿದೆ: ಬಾಣ ನೆಚ್ಚಿ ಹೊರಟವರಿಗೆ ಮಂಜಿನಲ್ಲೂ ಬಾಣ ಕಾಣುತ್ತದೆ ಎಂದು. ಅದಕ್ಕೂ ಮೂವತ್ತು ಜೋಡಿ ಕೈಮುಗಿದ ಚಿತ್ರ. ಜೂನಿನಲ್ಲಿ ಜೊತೆಗಿದ್ದವರೂ, ಬೇರೆ ಕಲ್ಲುಗಳ ಮೇಲೆ ಇದ್ದವು, ಕವಲಿನದು ನೆನಪಿಲ್ಲ, ನೀವೇ ಇಲ್ಲ ಎಂದ ಮೇಲೆ ಇಲ್ಲ ಎನ್ನುತ್ತಾರೆ.

ನಿನ್ನೆ ಒಂಬತ್ತು ಹೆಜ್ಜೆ ನಡೆದು ಕೂತ ಮೇಲೆ ತಾಯಿ ಒಳಗೆ ಹೋದದ್ದನ್ನು ನೋಡಿ ಅವಳು ಸಣ್ಣ ದನಿಯಲ್ಲಿ ಕೇಳಿದಳು: “ಅಕ್ಕಾರ, ಬಿಳೀ ಬಣ್ಣ, ಬಾಲ ಒಂಚೂರು ಸೊಟ್ಟ ಇತ್ತು. ಹಂಗ ನೆನಪದ. ಇಲ್ಲದ್ದು ಇಷ್ಟು ಚೊಲೋ ಹೆಂಗ ನೆನಪಿರ್ತದ್ರಿ?”

ಮೊದಲೆಲ್ಲ ಅವಳು ಜಗಳಾಡುತ್ತಿದ್ದಳು. ನಿನ್ನೆಯದು ಜಗಳವಲ್ಲ. ನಿಜವಾಗಿ ಕೇಳುತ್ತಿದ್ದಳು. ಅವಳ ಫೋನು ಕಣಿವೆಯಲ್ಲಿ ಹೋಯಿತು, ನನ್ನದರಲ್ಲಿ ಫೋಟೋ ತೆಗೆದದ್ದನ್ನು ಮರೆತಿದ್ದಾಳೆ. ಔಷಧ ಕೊಡುವಾಗ ಚೀಟಿ ಎರಡು ಸಲ ಓದುತ್ತಿದ್ದ ಹುಡುಗಿ. ತನ್ನ ಕಣ್ಣನ್ನು ತಾನು ನಂಬಬಹುದೇ ಎಂದು ಇನ್ನೊಬ್ಬರನ್ನು ಕೇಳುವ ಹಂತಕ್ಕೆ ಬಂದಿದ್ದಾಳೆ. ಎಲುಬು ಮುರಿದದ್ದು ಗುಡ್ಡ. ಇದನ್ನು ಮಾಡಿದ್ದು ಗುಡ್ಡವಲ್ಲ.

ನಿಮ್ಮ ಗುಡ್ಡಪ್ರೀತಿಯ ಬಗ್ಗೆ ನನಗೆ ಈಗ ಅಸಹ್ಯವಿದೆ. ಕಲ್ಲಿಗೆ ನೋವಾಗುತ್ತದೆ ಎನ್ನುವವರು ನೀವು. ಒಂದು ಕಲ್ಲಿನ ಮಾನ ಉಳಿಸಲು ಒಬ್ಬ ಹುಡುಗಿಯ ತಲೆಯನ್ನೇ ಸುಳ್ಳಾಗಿಸಿದಿರಿ. ಆಮೇಲೆ ಮನೆಗೆ ಹೋಗಿ ಮಲಗಿದಿರಿ.

ಈ ರವಿವಾರ ಲೋಕಲ್ ಹಿಡಿದು ಬನ್ನಿ. ಗುಡ್ಡಕ್ಕಲ್ಲ. ಭೀಮವ್ವನ ಮನೆಗೆ, ಅಲ್ಲಿಂದ ಮಹೇಶಕುಮಾರನ ಅಂಗಡಿಗೆ. ಬಾಣ ಇತ್ತು ಎಂದು ಹೇಳಿ. ಎರಡೇ ಪದ. ಯಾರು ಅಳಿಸಿದರು ಎಂದು ಅವರು ಕೇಳಿದರೆ ಅದನ್ನೂ ಹೇಳಿ.

ಇನ್ನು ಯಾವ ಸಂಬಂಧ ಬರೆಯಬೇಕೋ ತಿಳಿಯದ,
ಮಾಧುರಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಹನ್ನೊಂದನ್ನು ಇಬ್ಬರೂ ಕೂಡಿ ಉಜ್ಜಿದೆವು. ಕವಲಿನ ಹತ್ತಿರ ಬಂದಾಗ, ಇಲ್ಲಿ ಮಂಜು ಕೂರುತ್ತದೆ, ಇದೊಂದು ಇರಲಿ ಎಂದು ಹೇಳಿ ಮುಂದೆ ಹೋದಿರಿ. ಅದನ್ನು ಉಜ್ಜಿದವಳು ನಾನು. ನಿಮಗಿಂತ ಒಂದು ಹೆಜ್ಜೆ ಮುಂದಿದ್ದೇನೆಂದು ತೋರಿಸುವ ಹುಚ್ಚು. ಇಳಿಯುವಾಗ ನೀವು ಆ ಬೋಳು ಕಲ್ಲನ್ನು ನೋಡಿಕೊಂಡೇ ದಾಟಿದಿರಿ. ಆಸ್ಪತ್ರೆಯಲ್ಲಿ ‘ಎಂದೂ ಇರಲಿಲ್ಲ’ ಎಂದದ್ದು ಯಾರಿಗಾಗಿ ಎಂದು ಆ ಕ್ಷಣವೇ ನನಗೆ ಗೊತ್ತಿತ್ತು. ಕೂಡಿ ಇದ್ದಾಗ ಒಂದು ದಿನವೂ ನನ್ನ ಪರ ನಿಲ್ಲದವರು ನಿಲ್ಲಲು ಇದೇ ಜಾಗ ಸಿಕ್ಕಿತೇ? ನೀವು ಬರುವುದು ಬೇಡ. ಫೋಟೋದ ಪ್ರಿಂಟ್ ತೆಗೆಸಿಕೊಂಡು ಈಗಲೇ ಹೊರಟಿದ್ದೇನೆ. ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ ರೇಣು ನನ್ನ ಜೊತೆ ಮಾತು ಬಿಟ್ಟಿರುತ್ತಾಳೆ.