ಮೀಟರಿಗೆ ಇಟ್ಟ ಕುಂಕುಮ

ಸವಳಂಗ ರಸ್ತೆ, ಶಿವಮೊಗ್ಗ
23-10-2007

ಮನೆ ಮಾಲೀಕರಾದ ಚಂದ್ರಶೇಖರಪ್ಪನವರಿಗೆ, ಮಹಡಿಯ ಬಾಡಿಗೆ ಮನೆಯಿಂದ ಸಮತಾಳ ನಮಸ್ಕಾರ.

ಒಂದು ಕಂಪ್ಯೂಟರ್ ಆಫ್ ಆಗಿದ್ದಕ್ಕೆ ಮೆಟ್ಟಿಲ ಮೇಲೆ ಕೂತು ಯಾಕೆ ಅಷ್ಟು ಅತ್ತೆ ಎಂದು ನಿಮ್ಮ ಮನೆಯವರು ಕೇಳಿದರು. ಅದಕ್ಕೇ ಈ ಪತ್ರ.

ನಮ್ಮವರು ಬರೆದ ಪ್ರೋಗ್ರಾಂಗಳೆಲ್ಲ ಅದರಲ್ಲೇ ಇದ್ದವು. ಹೊರಗಿನ ಕಂಪನಿಗಳನ್ನು ನಂಬದೆ ಮನೆಯಲ್ಲೇ ಇಟ್ಟು, ಭದ್ರಾವತಿಯ ಗೆಳೆಯ ಜ್ಞಾನೇಶ್‌ಗೆ ಮಾತ್ರ ಇಂಟರ್‌ನೆಟ್ ಮೂಲಕ ದಾರಿ ಕೊಟ್ಟಿದ್ದರು. ಒಮ್ಮೆ ಆಫ್ ಆದರೆ ಪಾಸ್‌ವರ್ಡ್ ಹೊಡೆಯದೆ ಅದು ತೆರೆಯುವುದಿಲ್ಲ. ಆ ಪಾಸ್‌ವರ್ಡ್ ಜ್ಞಾನೇಶ್‌ಗೂ ಗೊತ್ತಿಲ್ಲ, ನಮ್ಮವರೊಬ್ಬರಿಗೇ ಗೊತ್ತಿತ್ತು. "ಎಲ್ಲಾದ್ರೂ ಬರೆದಿಡಿ" ಎಂದರೆ, "ಬರೆದಿಟ್ರೆ ಅದೆಂಥ ಬೀಗ ಮಾರಾಯ್ತಿ" ಎಂದು ನಗುತ್ತಿದ್ದರು.

ಆಷಾಢದಲ್ಲಿ ಅವರು ತೀರಿಕೊಂಡ ಮೇಲೂ ಅದು ನಡೆಯುತ್ತಲೇ ಇತ್ತು. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಕಾಪಾಡಿತು. ಹಬ್ಬ ಕಳೆದು ಜ್ಞಾನೇಶ್ ಬಂದು ಎಲ್ಲವನ್ನೂ ಸಿಡಿಗೆ ಹಾಕಿಕೊಳ್ಳುವವರಿದ್ದರು.

ಆಯುಧಪೂಜೆಗೆ ನೀವು ಇಡೀ ದಿನ ಮೇನ್ ಸ್ವಿಚ್ ಆಫ್ ಮಾಡಿ ಮೀಟರಿಗೆ ಕುಂಕುಮ ಇಡುವುದು ಹೊಸದೇನಲ್ಲ. ಕಳೆದ ವರ್ಷವೂ ಕಂಪ್ಯೂಟರ್ ನಿಂತಿತ್ತು. ಸಂಜೆ ನಮ್ಮವರೇ ಪಾಸ್‌ವರ್ಡ್ ಹೊಡೆದು ಶುರು ಮಾಡಿದ್ದರು. ಈ ಸಲ ನಾನು ಭದ್ರಾವತಿಯಲ್ಲಿ ಅತ್ತೆಯ ಮನೆಯಲ್ಲಿದ್ದೆ, ಬೇಡ ಎನ್ನಲು ಇಲ್ಲಿರಲಿಲ್ಲ. ಬರುವಷ್ಟರಲ್ಲಿ ಯುಪಿಎಸ್‌ನ ಬ್ಯಾಟರಿಯೂ ಮುಗಿದು ಕಂಪ್ಯೂಟರ್ ಆಫ್ ಆಗಿತ್ತು.

ನನ್ನ ಹೆಸರು ಹೊಡೆದು ನೋಡಿದೆ, ಮಗಳ ಹೆಸರು ಹೊಡೆದು ನೋಡಿದೆ. ನಮ್ಮಿಬ್ಬರದೂ ಅಲ್ಲ.

ಹೊಸ ಕಂಪ್ಯೂಟರ್ ಕೊಡಿಸುತ್ತೇನೆ ಅಂದಿರಂತೆ. ದಯವಿಟ್ಟು ಬೇಡ. ಮಹಡಿಯ ಯುಪಿಎಸ್ ಬ್ಯಾಟರಿಗಳನ್ನು ಕೆಳಗಿಳಿಸಲು ಯಾರನ್ನಾದರೂ ಕಳಿಸಿಕೊಡಿ, ಸಾಕು. ಮುಂದಿನ ಹಬ್ಬಕ್ಕೆ ಮೇನ್ ಆಫ್ ಮಾಡುವ ಮುಂಚೆ ನನ್ನನ್ನು ಕೇಳಬೇಕಾಗಿಲ್ಲ. ಇನ್ನು ಅಡ್ಡಿಯಿಲ್ಲ.

ಇಂತಿ,
ಸಮತಾ ಚಂದ್ರಹಾಸ