ಕೂತಲ್ಲೇ ಕೂರಿ

ಜುಲೈ 9, ಬೆಳಿಗ್ಗೆ

ಗಂಜಿ ತಳ ಹಿಡಿಯಿತು. ಆರು ಜನರ ಗ್ರೂಪ್, ಐದು ಥರದ ಕಂಪ್ಲೇಂಟು. ಲುಡೋಲ್ಫ್ ಮಾತ್ರ ಸೀದದ್ದನ್ನೂ ಕೆರೆದು ತಿಂದರು. ಜರ್ಮನಿಯ ರಿಟೈರ್ಡ್ ಮೇಷ್ಟ್ರು, ಎದೆಯೊಳಗೆ ಪೇಸ್‌ಮೇಕರ್. ಏರು ಹತ್ತುವಾಗ ತುಟಿ ನೀಲಿಗಟ್ಟುತ್ತದೆ. ಟೂರ್ ಕಂಪನಿಯವರು ಇಂಥವರನ್ನು ಕಳಿಸುವಾಗ ಗೈಡ್ ಆದ ನನಗೆ ಒಂದು ಮಾತು ಹೇಳಬಾರದೇ?

ತಮ್ಮ ಯೋವ್ನಾ ಫೋನ್ ಮಾಡಿದ್ದ. ನಮ್ಮ ಹಿಮಸಾರಂಗಗಳು ಗುಡ್ಡದ ಮೇಲೆ ಇನ್ನೂ ಕರಗದ ಹಿಮದಲ್ಲಿ ನಿಂತಿವೆ. ನಾಳೆ ಗಾಳಿ ಕೂಡಿಬಂದರೆ ಈ ಕಣಿವೆಯಿಂದಲೇ ಬೇಲಿಯೊಳಕ್ಕೆ ಅಟ್ಟುತ್ತಾರಂತೆ.

"ಅಕ್ಕಾ, ನಿನ್ನ ಟೂರಿಸ್ಟ್‌ಗಳನ್ನ ಕಟ್ಟಿಹಾಕು. ಒಬ್ಬ ಎದ್ದು ನಿಂತ್ರೂ ಹಿಂಡು ತಿರುಗತ್ತೆ."

"ನಂಗೇ ಹೇಳ್ಕೊಡ್ತೀಯೇನೋ?"

"ಈ ವರ್ಷಾನೂ ಆಗ್ಲಿಲ್ಲ ಅಂದ್ರೆ ನಾನು ಬಿಟ್ಟೆ ಕಣೇ. ಗಣಿಯವ್ರು ಕರೀತಿದಾರೆ."

ಹೋದ ವರ್ಷ ಮಂಜು ಕೆಡಿಸಿತು. ಮರಿ ತಾಯಿಯ ಹಿಂದೆ ಓಡುವಾಗಲೇ ಕಿವಿ ಕೊಯ್ದು ನಮ್ಮ ಗುರುತು ಹಾಕಬೇಕು. ತಾಯಿ ಬಿಟ್ಟ ಮೇಲೆ ಯಾರ ಮರಿಯೋ ಏನೋ.

ಜುಲೈ 10, ಸಂಜೆ

ಗಾಳಿ ಸರಿಯಿತ್ತು. ಎಲ್ಲರನ್ನೂ ಬಂಡೆಗಳ ಮಧ್ಯೆ ಕೂರಿಸಿದೆ. "ಕೂತಲ್ಲೇ ಕೂರಿ. ಸೊಳ್ಳೆ ಕಚ್ಚಿದ್ರೂ ಅಲ್ಲಾಡ್ಬೇಡಿ." ಪುಣ್ಯಾತ್ಮರು, ಒಬ್ಬರೂ ಅಲ್ಲಾಡಲಿಲ್ಲ. ಬಹಳ ಹೊತ್ತಾದ ಮೇಲೆ, ಹಿಮಸಾರಂಗ ನಡೆಯುವಾಗ ಸಿಡಿಯುವ ಕಾಲ್ಗಂಟುಗಳ ಟಕ್ ಟಕ್... ಮರಿಗಳನ್ನು ಕರೆಯುವ ತಾಯಿಗಳ ಗೊರಗೊರ. ಮುಂದಿನವು ಬೇಲಿಯ ಬಾಯಿಗೆ ಬಂದೇಬಿಟ್ಟಿದ್ದವು.

ಆಗ ನೋಡಿದೆ — ಲುಡೋಲ್ಫ್ ಬೋರಲು ಬಿದ್ದಿದ್ದಾರೆ. ಪಿಸುದನಿಯಲ್ಲಿ ಕರೆದೆ. ಇಲ್ಲ. ಸಣ್ಣ ಕಲ್ಲೆಸೆದೆ, ಜಾಕೆಟ್ಟಿಗೆ ತಾಗಿತು. ಇಲ್ಲ. ಕತ್ತಿನ ತುಂಬ ಸೊಳ್ಳೆ ಮುತ್ತಿವೆ, ಓಡಿಸಲು ಅವರ ಕೈ ಏಳುತ್ತಿಲ್ಲ.

ಎದ್ದು ಓಡಿದೆ.

ಹಿಂಡು ತಿರುಗಿದ್ದನ್ನು ನೋಡಲಿಲ್ಲ. ಕೇಳಿಸಿತು.

ಮಗ್ಗುಲಿಗೆ ಹೊರಳಿಸಿದರೆ ಕಣ್ಣು ಬಿಟ್ಟರು. ಜೇಬಿನಿಂದ ಹಿಯರಿಂಗ್ ಏಡ್ ತೆಗೆದು ಕಿವಿಗಿಟ್ಟುಕೊಂಡು, "ಬಂದ್ವಾ?" ಅಂದರು.

ಜುಲೈ 11

ಮಂಜು. ಕೈಚಾಚಿದರೆ ಕೈ ಕಾಣುವುದಿಲ್ಲ. ಯೋವ್ನಾ ಟೆಂಟಿಗೆ ಬಂದ. ಕಾಫಿ ಕೊಟ್ಟೆ, ನಮ್ಮ ಕಡೆಯ ರೂಢಿಯಂತೆ ಅದಕ್ಕೆ ಗಿಣ್ಣಿನ ಚೂರು ಹಾಕಿಕೊಂಡು ಕುಡಿದ.

"ಸತ್ತಿದ್ನಾ?"

"ಇಲ್ಲ."

"ಮತ್ತೇನಾಗಿತ್ತು?"

"ನಿದ್ದೆ ಹೋಗಿದ್ರು."

ನಕ್ಕ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಅದು ನಗು ಅಲ್ಲ ಅಂತ ನನಗೆ ಗೊತ್ತಾಯಿತು, ತಲೆ ಎತ್ತಲಾಗಲಿಲ್ಲ.

ಲುಡೋಲ್ಫ್‌ಗೆ ಯಾರೂ ಏನೂ ಹೇಳಿಲ್ಲ. ಹೆಂಡತಿ ಹೋದ ಮೇಲೆ ಅಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲವಂತೆ. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಹೊಟ್ಟೆ ಉರಿಯಿತು. ಇನ್ನೊಮ್ಮೆ ಹಾಗೆ ಬಿದ್ದರೆ ಇನ್ನೊಮ್ಮೆ ಓಡುತ್ತೇನೆ, ಅದಕ್ಕೂ ಉರಿಯಿತು.

ಜುಲೈ 16, ಮನೆಯಲ್ಲಿ

ಗ್ರೂಪ್ ಬಸ್ಸು ಹತ್ತಿ ಹೋಯಿತು. ಇವತ್ತಷ್ಟೇ ಮಂಜು ಸರಿದಿದೆ. ಹಿಂಡು ಗುಡ್ಡ ದಾಟಿ ಚದುರಿಹೋಗಿದೆ. ಯೋವ್ನಾ ಫೋನ್ ಮಾಡಿದ, ಪೇಟೆಯಿಂದ. ಗಣಿಯಲ್ಲಿ ಸೋಮವಾರದಿಂದ ಕೆಲಸ.

"ಆ ಮುದುಕ ಹುಷಾರಾಗಿದಾನಾ?"

"ಹೂಂ. ಊರಿಗೆ ಹೋದ್ರು."

"ಒಳ್ಳೇದಾಯ್ತು ಬಿಡು."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನೂ ಬೈಯಬಹುದಿತ್ತು.

"ಅಪ್ಪಂಗೆ ನೀನೇ ಹೇಳು ಅಕ್ಕಾ. ನನ್ನಿಂದಾಗಲ್ಲ."

ಅಪ್ಪ ಅಂಗಳದಲ್ಲಿ ಕೂತಿದ್ದಾನೆ. ಮಂಜು ಸರಿಯಿತಲ್ಲ, ಇನ್ನು ಯೋವ್ನಾ ಕರೆಯುತ್ತಾನೆ ಅಂತ ಬೆಳಿಗ್ಗೆಯಿಂದ ಮರಿಗಳ ಕಿವಿ ಕೊಯ್ಯುವ ಚಾಕು ಮಸೆಯುತ್ತಿದ್ದಾನೆ. ಆಗಲೇ ಸಾಕಷ್ಟು ಹರಿತವಾಗಿದೆ. ಹೋಗಿ ಹೇಳಬೇಕು. ಈ ಸಾಲು ಬರೆದು ಮುಗಿಸಿ ಎದ್ದು —