ಕೊಟ್ಟ ಏಕವಚನ

ಜನವರಿ 19, ಸೋಮವಾರ

ಬೆಳಿಗ್ಗೆ ಮತ್ತೆ ಅಂಟು ಕಾಯಿಸಿದೆ. ಮತ್ತೆ ತಳ ಹಿಡಿಸಿದೆ. ಯಜಮಾನರು ಬಂದು ಮೂಸಿ ನೋಡಿದರು.

"ಟೋಮ್ಕೆ, ನೀವು ಚರ್ಮ ಅಂಟಿಸ್ತೀರೋ, ಸಾರು ಮಾಡ್ತೀರೋ?"

ಬೈಯುವಾಗಲೂ ಬಹುವಚನ. ಶಾಲೆ ಅರ್ಧಕ್ಕೆ ಬಿಟ್ಟವಳಿಗೆ ಇಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿಲ್ಲ. ಯಜಮಾನರಾದ ಹಾರ್ಮ್ ಉಬ್ಬೆನ್ ಏಕವಚನದಲ್ಲಿ ಮಾತಾಡಿಸುವುದು ಇಬ್ಬರನ್ನೇ. ನಾಯಿ ಫೀಟೆಯನ್ನು, ದೇವರನ್ನು. ಗೆಷೆ ಓಂಕೆನ್ ಇಪ್ಪತ್ತು ವರ್ಷದಿಂದ ಇದೇ ಬೆಂಚಿನಲ್ಲಿ ಚರ್ಚಿನ ಆರ್ಗನ್ ವಾದ್ಯಗಳ ಕೊಳವೆ ತಿದ್ದುತ್ತಿದ್ದಾಳೆ. ಅವಳಿಗೂ "ಓಂಕೆನ್ ಅವರೇ, ನೀವು".

ಈ ಫೆಬ್ರವರಿಗೆ ನನ್ನ ಪ್ರೊಬೇಷನ್ ಅವಧಿ ಮುಗಿಯುತ್ತದೆ. ಆಮೇಲೆ ಆಗಸ್ಟಿನಿಂದ ಶಿಷ್ಯೆಯಾಗಬೇಕಾದರೆ ನಾನೇ ಬಾಯಿಬಿಟ್ಟು ಕೇಳಬೇಕಂತೆ. ಕೇಳದವರನ್ನು ಅವರು ಯಾವತ್ತೂ ತೆಗೆದುಕೊಂಡಿಲ್ಲ — ಗೆಷೆ ಹೇಳಿದ್ದು. ಇದಕ್ಕೆ ಮೊದಲು ಬೇಕರಿ ಬಿಟ್ಟೆ, ಗೋದಾಮು ಬಿಟ್ಟೆ, ದೋಣಿ ಬಿಟ್ಟೆ. ಇದನ್ನು ಬಿಡಲು ಮನಸ್ಸಿಲ್ಲ. ನನಗೇ ಆಶ್ಚರ್ಯ.

ಜನವರಿ 25, ಭಾನುವಾರ

ತಲೆ…

ನಿನ್ನೆ ಚಳಿಗಾಲದ ವಾಡಿಕೆಯ ಕೋಸಿನ ನಡಿಗೆ. ಬೀದಿಯ ಕೆಲಸಗಾರರೆಲ್ಲ ಸೇರಿ ಕೈಗಾಡಿಯಲ್ಲಿ ಬಾಟಲಿ ಎಳೆದುಕೊಂಡು, ತಿರುವಿಗೊಂದು ಗ್ಲಾಸು ಮುಗಿಸುತ್ತ, ಕೊನೆಗೆ ಹೋಟೆಲಿನಲ್ಲಿ ಹಸಿರು ಕೋಸು, ಸಾಸೇಜು. ಗಾಳಿಯಂತ್ರದ ತಿರುವಿನವರೆಗೆ ನೆನಪಿದೆ. ಆಮೇಲೆ ಒಂದೇ ಒಂದು ಚಿತ್ರ: ನಾನೂ ಯಜಮಾನರೂ ಮೊಣಕೈಗೆ ಮೊಣಕೈ ಹೆಣೆದು, ಗ್ಲಾಸೆತ್ತಿ, ಗಂಟಲಿಗೆ.

ಅದನ್ನು ಮಾಡುವುದು ಒಂದೇ ಕಾರಣಕ್ಕೆ. ಹಿರಿಯರು ಕಿರಿಯರಿಗೆ 'ನೀನು' ಎನ್ನುವ ಹಕ್ಕು ಕೊಟ್ಟಾಗ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು 'ನೀನು' ಎನ್ನಬೇಕು. ಕೊಟ್ಟ ಮೇಲೆ ಸಾಯುವವರೆಗೆ ವಾಪಸ್ ಇಲ್ಲ. ನನ್ನಜ್ಜ ಒಬ್ಬನ ಮೇಲೆ ಕೋರ್ಟಿಗೆ ಹೋದರೂ ಜಗಳವಾಡಿದ್ದು 'ನೀನು' ಎಂದೇ.

ಅವರು ಕೊಟ್ಟರೇ? ನನಗೇ? ಉಳಿದವರು ಮುಂದೆ ಹೋಗಿದ್ದರು, ಕೇಳುವಂತಿಲ್ಲ. ಗೆಷೆಗೆ ಜ್ವರ, ಬಂದಿರಲಿಲ್ಲ. ಅವಳಿಗೆ ಗೊತ್ತಾದರೆ? ಇಪ್ಪತ್ತು ವರ್ಷ ದುಡಿದವಳಿಗಿಲ್ಲ, ಅಂಟು ಸೀಯಿಸುವವಳಿಗೆ…

ಜನವರಿ 26, ಸೋಮವಾರ, ಚಹಾ ಹೊತ್ತು

"ಮೊಯಿನ್," ಎಂದರು ಯಜಮಾನರು, ನಮ್ಮ ಕಡೆಯ ನಮಸ್ಕಾರ. ಅಷ್ಟು ಎಲ್ಲರಿಗೂ ಅನ್ನುತ್ತಾರೆ, ಹಸುಗಳಿಗೂ.

ಆಮೇಲೆ: "ಅಂಟು ಆಗಿದೆಯಾ?" 'ಮಾಡಿದ್ದೀರಾ' ಅಲ್ಲ. 'ಮಾಡಿದ್ದೀಯಾ' ಕೂಡ ಅಲ್ಲ. ಆಗಿದೆ, ಎಂದೆ. "ಆ ಉಳಿ ಸ್ವಲ್ಪ ಈ ಕಡೆ ಬರಬಹುದಾ?" ಉಳಿಗೆ ಕಾಲಿಲ್ಲ. ನಾನು ಒಯ್ದೆ.

ಅಂದರೆ ಅವರಿಗೆ ಏನೋ ನೆನಪಿದೆ. ಅಥವಾ ನನಗೆ ನೆನಪಿದೆಯೋ ಇಲ್ಲವೋ ಎಂದು ಕಾಯುತ್ತಿದ್ದಾರೆ.

ಚಹಾ ಹೊತ್ತೇ ಸುಖ. ಚಮಚ ಕಪ್ಪಿನೊಳಗೆ ಇಟ್ಟರೆ ಸಾಕು ಎಂದರ್ಥ, ಇಡದಿದ್ದರೆ ಸುರಿಯುತ್ತಲೇ ಇರುತ್ತಾರೆ. ಮಾತೇ ಬೇಡ. ನಮ್ಮೂರಿನವರು ಮುಂದಾಲೋಚನೆಯವರು.

ಫೆಬ್ರವರಿ 3, ಮಂಗಳವಾರ

ಈಗ ನಾಯಿಯ ಮೂಲಕ ನಡೆಯುತ್ತಿದೆ.

"ಫೀಟೆ, ವ್ಯಾನಿಗೆ ಏಣಿ ಹಾಕ್ಬೇಕು ಅಂತ ಟೋಮ್ಕೆಗೆ ಹೇಳು."

"ಫೀಟೆ, ಹಾಕಿಯಾಯ್ತು ಅನ್ನು."

ಫೀಟೆ ನಮ್ಮಿಬ್ಬರನ್ನೂ ನೋಡಿ ಹೊರಗೆ ಹೋಯಿತು.

ಗೆಷೆ ಅರ ಕೆಳಗಿಟ್ಟಳು. "ಲೇ, ಏನಿದು, ಇಬ್ರೂ ಟೆಲಿಗ್ರಾಂ ಕೊಡೋ ಹಾಗೆ ಮಾತಾಡ್ತಿದ್ದೀರಿ? ಜಗಳನಾ?"

ಇಲ್ಲ ಎಂದೆ. ಜಗಳ ಇಲ್ಲ, ಹಾಗಾಗಿ ಸುಳ್ಳಲ್ಲ. ಆದರೂ ಕಿವಿ ಕೆಂಪಾಯಿತು.

ಅಮ್ಮನ ಉಪದೇಶ: ಸುಮ್ಮನೆ 'ನೀವು' ಅಂದುಬಿಡು. ಆದರೆ ಕೊಟ್ಟಿದ್ದು ನಿಜವಾದರೆ ಅದು ಅವರ ಕೆನ್ನೆಗೆ ಹೊಡೆದ ಹಾಗೆ. ಕೊಟ್ಟಿರದಿದ್ದರೆ 'ನೀನು' ಅನ್ನುವುದು ನನ್ನ ಕೆಲಸಕ್ಕೆ ಹೊಡೆದ ಹಾಗೆ. ಅಮ್ಮನಿಗೇನು, ಅವಳು ಪೋಸ್ಟ್‌ಮ್ಯಾನನ್ನೂ 'ನೀನು' ಅನ್ನುತ್ತಾಳೆ.

ಫೆಬ್ರವರಿ 17, ಮಂಗಳವಾರ

ಇವತ್ತು ಕೇಳಿಯೇ ಬಿಡುವುದು ಎಂದು ಹೋದೆ. ಅವರು ಒಬ್ಬರೇ ತಿದಿಯ ಚರ್ಮ ಕತ್ತರಿಸುತ್ತಿದ್ದರು.

"ಆಗಸ್ಟಿನಿಂದ ನನ್ನನ್ನು ಶಿಷ್ಯೆಯಾಗಿ…"

ತೆಗೆದುಕೊಳ್ತೀರಾ? ತೆಗೆದುಕೊಳ್ತೀಯಾ? ಬಾಯಿ ತೆರೆದೇ ಇತ್ತು. ಅವರು ಕತ್ತರಿ ಹಿಡಿದು ಕಾದರು. ಮುಖದಲ್ಲಿ ನನ್ನಷ್ಟೇ ಹೆದರಿಕೆ.

"…ಮಳೆ ಬರುತ್ತಾ?" ಎಂದೆ.

"ಬರಬಹುದು," ಎಂದರು.

ದೋಣಿ ಕೆಲಸವನ್ನಾದರೂ ಜಗಳವಾಡಿ ಬಿಟ್ಟಿದ್ದೆ. ಇದು ಒಂದು ಕ್ರಿಯಾಪದದ ಬಾಲದಿಂದಾಗಿ ಕೈತಪ್ಪುತ್ತದೆ.

ಫೆಬ್ರವರಿ 26, ಗುರುವಾರ

ಚರ್ಚಿನಲ್ಲಿ ಶ್ರುತಿ ಕೂಡಿಸುವ ಕೆಲಸ. ಅವರು ಆರ್ಗನ್ನಿನ ಹೊಟ್ಟೆಯೊಳಗೆ, ನಾನು ಹೊರಗೆ ಕೀಲಿಗಳ ಮುಂದೆ. "ಮುಂದಿನದು" ಎಂದಾಗ ಒತ್ತಬೇಕು. ಮುಖ ಕಾಣುವುದಿಲ್ಲ. ಚಳಿಗೆ ಬೆರಳು ಮರಗಟ್ಟಿತ್ತು. ಇಲ್ಲಿ ಹೇಳದಿದ್ದರೆ ಇನ್ನೆಲ್ಲೂ ಆಗದು ಅನ್ನಿಸಿತು.

"ಕೋಸಿನ ದಿನ ಕೈ ಹೆಣೆದು ಕುಡಿದಿದ್ದು ನನಗೆ ನೆನಪಿದೆ," ಎಂದೆ. "ಆ ಹಕ್ಕು ಕೊಟ್ಟಿದ್ದು ಮನಸ್ಸಿಂದಲಾ, ಬಾಟ್ಲಿಯಿಂದಲಾ?"



"ಮುಂದಿನದು."

ಒತ್ತಿದೆ.

"ಕೊಟ್ಟಿದ್ದು ನಾನಲ್ಲ," ಎಂದಿತು ಒಳಗಿನ ದನಿ.

ಕೈಗಾಡಿಯ ಮೇಲೆ ಹತ್ತಿ ನಿಂತಿದ್ದು ನಾನಂತೆ. 'ಹಾರ್ಮ್, ಇನ್ಮೇಲೆ ನನ್ನನ್ನ ನೀನು ಅನ್ನಬಹುದು, ನಾನೇನೂ ಅಂದ್ಕೊಳ್ಳಲ್ಲ' ಎಂದು ಅಪ್ಪಣೆ ಕೊಡಿಸಿದೆನಂತೆ. ಅರವತ್ತು ದಾಟಿದ ಯಜಮಾನರಿಗೆ! ಈ ಕರಾವಳಿಯಲ್ಲಿ ಇಂಥದ್ದು ಯಾರೂ ಮಾಡಿರಲಾರರು.

"ಮತ್ತೆ ಯಾಕೆ ಕುಡಿದದ್ದು?"

"ಯಜಮಾನ ಆದ ಮೇಲೆ ನನಗೆ ಯಾರೂ ಆ ಹಕ್ಕು ಕೊಡೋಕೆ ಬಂದಿರ್ಲಿಲ್ಲ," ಎಂದರು. "ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ."

ಒಂದು ಕೊಳವೆಯನ್ನು ಎರಡು ಸಲ ತಟ್ಟಿದರು. ಮಿಕ್ಕದ್ದನ್ನು ತುಂಡು ತುಂಡಾಗಿ ಹೇಳಿದರು. ಓಂಕೆನ್ ಅವರಿಗೆ ಮೊದಲ ವರ್ಷವೇ ಕೊಡಬೇಕಿತ್ತು. ಆವತ್ತು ಯಾರೋ ಗಿರಾಕಿ ಬಂದರು. ಆಮೇಲೆ ಹೊತ್ತು ಮೀರಿತು. ಮೀರಿದ್ದು ಮೀರುತ್ತಲೇ ಹೋಯಿತು. ಅವರಿಗೆ ಕೊಡದೆ ಇನ್ನೊಬ್ಬರಿಗೆ ಬಾಯಿ ಬರುವುದಿಲ್ಲ.

ಆಗಸ್ಟು? ಎಂದೆ.

"ಮೊದಲು ಅದು ಇತ್ಯರ್ಥ ಆಗ್ಲಿ. ಕರೆಯೋಕೇ ಆಗದ ಶಿಷ್ಯೆಗೆ ಕಲಿಸೋದು ಹೇಗೆ? ನಾಳೆ ಚಹಾ ಹೊತ್ತಿಗೆ ಕೇಳ್ತೀನಿ. ಮುಂದಿನದು."

ಫೆಬ್ರವರಿ 27, ಶುಕ್ರವಾರ, ಸಂಜೆ

ಪ್ರೊಬೇಷನ್ನಿನ ಕೊನೆಯ ದಿನ. ಯಜಮಾನರು ಹೂವಿನ ಚಿತ್ರದ ಕಪ್ಪು ತೆಗೆದರು. ಟೈ ಕಟ್ಟಿದ್ದರು. ಗೆಷೆ ಟೈ ನೋಡಿ, ಯಾರು ಸತ್ತರು ಎಂದು ಕೇಳಿದಳು.

ಅವರು ಎದ್ದು ನಿಂತರು. ಗ್ಲಾಸು ಎತ್ತಿ ಹಿಡಿದರು. ಇಷ್ಟು ವರ್ಷ ತಡವಾದದ್ದಕ್ಕೆ ಕ್ಷಮೆ ಕೇಳಿ, ತನ್ನನ್ನು ಹಾರ್ಮ್ ಎಂದು ಕರೆಯಬಹುದು ಎಂದರು.

ಗೆಷೆ ಕಪ್ಪಿಗೆ ಇನ್ನೊಂದು ಕಲ್ಲುಸಕ್ಕರೆ ಹಾಕಿದಳು.

"ಉಬ್ಬೆನ್ ಅವರೇ, ನಮ್ಮ ಬೀದೀಲಿ ಎಲ್ರೂ ನನ್ನನ್ನ ನೀನು ಅಂತಾರೆ. ಬ್ಯಾಂಕಿನ ಹುಡುಗ ಅಂತಾನೆ. ಫೋನಿನ ಜಾಹೀರಾತೂ ಅನ್ನುತ್ತೆ. ನೀವು ಅನ್ನೋರು ನೀವೊಬ್ರೇ ಉಳಿದಿರೋದು. ಅದನ್ನೂ ಕಿತ್ಕೋತೀರಾ?"

ಚಮಚವನ್ನು ಕಪ್ಪಿನೊಳಗೆ ಇಟ್ಟಳು. ಯಜಮಾನರು ಕೂತರು. ಅವರ ಕಣ್ಣು ಒದ್ದೆಯಾದದ್ದು ಬೇಸರಕ್ಕಲ್ಲ ಎಂದು ನನಗೂ ತಿಳಿಯಿತು.

"ಇವಳಿಗೆ ಬೇಕಾದ್ರೆ ಅನ್ನಿ," ಎಂದಳು ಗೆಷೆ. "ಗಾಡಿ ಹತ್ತಿ ತಾನೇ ಕೊಟ್ಟಿದ್ದಾಳಂತಲ್ಲ. ಬೇಕರೀಲಿ ಎರಡು ವಾರದಿಂದ ಅದೇ ಮಾತು."

ಹಾಗಾದರೆ ಆವತ್ತು ಉಳಿದವರು ಮುಂದೆ ಹೋಗಿರಲಿಲ್ಲ.

ಅವರು ನನ್ನ ಕಡೆ ತಿರುಗಿದರು. ಉಸಿರೆಳೆದರು.

"ಎಲ್ಲಿ, ಕೇಳು ಮತ್ತೆ. ಮಳೆ ವಿಚಾರ ಬೇಡ."

ಕೇಳು. ಏಕವಚನ. ಒಂದು ತಿಂಗಳ ಮೇಲೆ. ಫೀಟೆ ತನ್ನನ್ನೇ ಕರೆದರು ಎಂದುಕೊಂಡು ಎದ್ದು ಬಂತು.

"ಶಿಷ್ಯೆಯಾಗಿ ತಗೋತೀಯಾ?" ಎಂದೆ. ದನಿ ಕೊಳವೆ ಒಡೆದ ಹಾಗೆ ಬಂತು.

"ತಗೋತೀನಿ. ಅಂಟು ಮಾತ್ರ ಇನ್ನು ಗೆಷೆ… ಓಂಕೆನ್ ಅವರು ಕಾಯಿಸ್ಲಿ."

ಮನೆಗೆ ಬಂದ ಮೇಲೂ ನಂಬಿಕೆಯಿಲ್ಲ. ಸೋಮವಾರ ಬಾಗಿಲು ತೆಗೆಯುವುದು ಅವರು. ಅಲ್ಲ — ಅವನು. ಬರೆಯುವಾಗಲೇ ಕೈ ತಡೆಯುತ್ತದೆ. ಅಭ್ಯಾಸವಾಗಲಿ ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಯಾರ ಜೊತೆ ಮಾತಾಡ್ತಿದ್ದೀಯ ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. ಇನ್ನೊಂದು ಸಲ. ಮೊಯಿನ್, ಹಾರ್ಮ್. ನೀ—